ಮೂರು ಸೀರೆ ಉದ್ದದ ಮೀನು

ಹುಕ್ಕೇರಿಯ ನನ್ನ ಸೋದರತ್ತೆಯ ಮಾತನ್ನು ಮನೆಯವರೆಲ್ಲ ಕಾಲು ಭಾಗ ಮಾತ್ರ ನಂಬುತ್ತಿದ್ದರು. ಮೂಡಲಗಿ ಸಂತೆಯಲ್ಲಿ ಆಕೆ ಕಂಡ ಬದನೆಕಾಯಿ ಮನೆ ಮುಟ್ಟುವಷ್ಟರಲ್ಲಿ ಕುಂಬಳಕಾಯಿಯಾಗಿರುತ್ತಿತ್ತು. ಹಿತ್ತಲಲ್ಲಿ ನಾಲ್ಕು ಹಾವು ಕಂಡೆ ಎಂದರೆ ಆಕೆಯ ಗಂಡ, ನಮ್ಮ ಮಾಮಾ, ಕೂತಲ್ಲಿಂದಲೇ ಒಂದಕ್ಕೆ ಇಳಿಸುತ್ತಿದ್ದರು. ಅತ್ತೆ ಎಲ್ಲರ ಜೊತೆ ತಾನೂ ನಗುತ್ತಿದ್ದಳು. ಆದರೆ ಸಾಯುವುದರೊಳಗೆ ಒಮ್ಮೆಯಾದರೂ ತನ್ನ ಮಾತನ್ನು ಗಂಡ ಇಡಿಯಾಗಿ ನಂಬಬೇಕು ಎಂದು ನನ್ನೆದುರು ಹೇಳಿದ್ದಳು.

ಐವತ್ತರ ದಶಕದ ಮಾತು. ನಾನು ಗೋಕಾಕದಲ್ಲಿ ಮ್ಯಾಟ್ರಿಕ್ ಮುಗಿಸಿ ಕೂತಿದ್ದೆ. ಬಸ್ಸು ಎಲ್ಲೆಲ್ಲಿ ಕೆಟ್ಟು ನಿಂತಿತು, ಯಾರು ಎಷ್ಟು ರೊಟ್ಟಿ ತಿಂದರು, ಎಲ್ಲವನ್ನೂ ದಿನಚರಿಗೆ ಇಳಿಸುವ ಚಟ ನನ್ನದು. ದೀಪಾವಳಿಯಾದ ಮೇಲೆ ಅತ್ತೆ ಮುಂಬಯಿಯಲ್ಲಿದ್ದ ಮಗನ ಮನೆಗೆ, ಮೊಮ್ಮಗನನ್ನು ನೋಡಲು ಹೊರಟಳು. ರೈಲು ಬೇಡ, ವೆಂಗುರ್ಲೆ ಬಂದರಿಗೆ ಹೋಗಿ ಆಗಬೋಟು ಹತ್ತಿ ಸಮುದ್ರದ ಮೇಲೇ ಹೋಗಬೇಕು ಎಂದು ಹಟ ಹಿಡಿದಳು. ಮಾಮಾ ನನ್ನನ್ನು ಜೊತೆಗೆ ಹಾಕಿದರು.

"ಇಕಿ ಏನೇನ ನೋಡತಾಳ, ಎಲ್ಲಾ ಬರದ ಇಟ್ಕೊ. ಬಂದ ಮ್ಯಾಲ ತಾಳೆ ನೋಡೂಣು."

"ನಿಮ್ಮಪ್ಪನಾಣಿ, ಒಂದ ಮಾತ ಹೆಚ್ಚಿಗಿ ಹೇಳಂಗಿಲ್ರಿ," ಎಂದಳು ಅತ್ತೆ.

"ನಮ್ಮಪ್ಪನ್ನ ಯಾಕ ಎಳೀತಿ? ನಿಮ್ಮಪ್ಪನ ಆಣಿ ಇಡ."

ಬೋಟಿನ ಮೇಲಿದ್ದ ಬುಧವಾರದ ನನ್ನ ದಿನಚರಿ ಹೀಗಿದೆ: ಅತ್ತಿ, ವಾಂತಿ ಮೂರು. ನಾನು, ವಾಂತಿ ನಾಲ್ಕು. ತಿಮಿಂಗಿಲ, ಒಂದು.

ಬೆಳಗಿನ ಹೊತ್ತು ಇಬ್ಬರೂ ಬೋಟಿನ ಕಂಬಿ ಹಿಡಿದು ಬಗ್ಗಿದ್ದೆವು. ದೂರದಲ್ಲಿ ನೀರು ತೆಂಗಿನ ಮರದೆತ್ತರಕ್ಕೆ ಚಿಮ್ಮಿತು.

"ಯಾರೋ ಎಂಜಿನ್ ಕುಂದರಿಸ್ಯಾರ ನೋಡ," ಎಂದಳು ಅತ್ತೆ. ನಮ್ಮ ಹೊಳೆದಂಡೆಯ ಹೊಲಗಳಿಗೆ ನೀರೆತ್ತುವ ಎಂಜಿನ್ನು ಆಗಷ್ಟೇ ಬಂದಿತ್ತು.

"ಇಲ್ಲಿ ಯಾರ ಕಬ್ಬಿಗೆ ಅತ್ತಿ?"

ಅಷ್ಟರಲ್ಲಿ ಆ ಎಂಜಿನ್ನು ನಮ್ಮ ಕಡೆಗೇ ಬರತೊಡಗಿತು. ಮತ್ತೊಮ್ಮೆ ಚಿಮ್ಮಿತು. ಗೋಕಾಕದ ಜಲಪಾತದ ಬುಡದಲ್ಲಿ ನಿಂತಾಗಿನ ಹಾಗೆ ಮುಖಕ್ಕೆ ಹನಿ ಬಡಿದವು, ಆದರೆ ಮೀನಿನ ನಾತದ ಹನಿ. ಬೋಟು ನಿಧಾನವಾಯಿತು. ಅದು ನಮ್ಮ ಪಕ್ಕದಲ್ಲೇ, ನೀರಿನ ಮೇಲ್ಪದರದಲ್ಲಿ, ನಮ್ಮಷ್ಟೇ ನಿಧಾನವಾಗಿ ಸಾಗಿತು. ಬರೆಯುವ ಒದ್ದೆ ಪಾಟಿಯ ಮೇಲೆ ನೀಲಿ ಕದಡಿದಂಥ ಮೈಬಣ್ಣ. ಮುಗಿಯಿತು ಎಂದುಕೊಂಡಲ್ಲಿ ಇನ್ನೂ ಇರುತ್ತಿತ್ತು. ಖಲಾಸಿಯೊಬ್ಬ 'ದೇವಮಾಸಾ', ದೇವರ ಮೀನು, ಎಂದು ಹಣೆ ಮುಟ್ಟಿಕೊಂಡ. ನೀಲಿ ತಿಮಿಂಗಿಲ ಎಂಬ ಹೆಸರು ನನಗೆ ಗೊತ್ತಾದದ್ದು ಆಮೇಲೆ, ಪುಸ್ತಕದಲ್ಲಿ.

ಅತ್ತೆಗೆ ವಾಂತಿ ಮರೆತೇ ಹೋಗಿತ್ತು. "ಯವ್ವಾ, ಇದನ್ನ ಅವ್ರ ನಂಬೂದಿಲ್ಲ! ಅಳತಿ ತಗೊ, ಎಣಸ, ಏನರ ಮಾಡ!"

ಅದರ ತಲೆ ಕಪ್ತಾನನ ಕೋಣೆಯ ನೇರಕ್ಕಿತ್ತು, ಬಾಲ ಅಡುಗೆಮನೆಯ ಬಾಗಿಲಿಗೆ. ನಾನು ಎರಡೂ ಕಡೆ ಗುರುತು ಹಿಡಿದೆ. ಅದು ಮುಳುಗಿದ್ದೇ ತಡ ಅತ್ತೆ ಟ್ರಂಕು ತೆಗೆದು ಸೀರೆಗಳನ್ನು ಹೊರಗೆಳೆದಳು. ಆ ಎರಡು ಗುರುತುಗಳ ನಡುವೆ ಹದಿನಾರು ಮೊಳದ ಸೀರೆಗಳನ್ನು ಒಂದರ ತುದಿಗೆ ಇನ್ನೊಂದು ಹಾಸುತ್ತ ಹೋದೆವು. ಮೂರು ಸೀರೆ ಸಾಲದೆ ಸೊಸೆಗೆಂದು ತಂದ ಕುಪ್ಪಸದ ಖಣವನ್ನೂ ಹಾಸಿದೆವು. ಜನ ದಾಟಿಕೊಂಡು ಹೋದರು.

ಹುಕ್ಕೇರಿಗೆ ಮರಳಿದ ದಿನ ಮಾಮಾ ಚಹಾ ಮುಗಿಸಿ ಮೀಸೆ ಒರೆಸಿಕೊಂಡರು. "ಹ್ಞೂಂ, ಸುರು ಮಾಡ. ಏನ ನೋಡಿದಿ?"

ಅತ್ತೆ ನನ್ನ ಕಡೆ ನೋಡಿದಳು. ಎಂದೂ ಹೆದರದವಳು ಹೆದರಿ, ಜೀವನದಲ್ಲೇ ಮೊದಲ ಸಲ ಕಡಿಮೆ ಹೇಳಿದಳು. "ಒಂದ ಮೀನರಿ. ಎರಡ ಚಕ್ಕಡಿ ಉದ್ದ ಇತ್ತು."

"ಅಂದ್ರ ಅರ್ಧಾ ಚಕ್ಕಡಿ," ಎಂದರು ಮಾಮಾ. "ಹಿಡಕಲ್ ಮಡುವಿನ್ಯಾಗೂ ಅಷ್ಟ ದೊಡ್ಡದು ಸಿಗತೈತಿ ತಗೊ."

ಅತ್ತೆ ಲೋಟ ಎತ್ತಿಕೊಂಡಳು. ನನಗೆ ತಡೆಯಲಾಗಲಿಲ್ಲ. ಟ್ರಂಕಿನಿಂದ ಮೂರೂ ಸೀರೆ ತಂದು ಗಂಟು ಹಾಕಿದೆ. ಖಣ ಮುಂಬಯಿಯಲ್ಲೇ ಉಳಿದಿದ್ದರಿಂದ ಕೊನೆಗೆ ಮಾಮಾನ ಟವೆಲ್ಲನ್ನೇ ಕಟ್ಟಿದೆ.

"ಮಾಮಾ, ಇದನ್ನ ಹಿಡಕೊಂಡ ಹಿಂದಕ್ಕ ಸರೀರಿ."

ಮಾಮಾ ಪಡಸಾಲೆ ದಾಟಿದರು, ಅಂಗಳ ದಾಟಿದರು.

"ಆತಿಲ್ಲೋ?"

"ಇನ್ನಾ ಹೊಟ್ಟೀ ಬಂದಿಲ್ರಿ!" ಒಳಗಿನಿಂದ ಅತ್ತೆ ಕೂಗಿದಳು. ಅವಳ ದನಿ ಮರಳಿತ್ತು.

ಅವರು ಬೀದಿಗಿಳಿದು, ಬೀದಿ ದಾಟಿ, ಎದುರುಮನೆಯವರ ತಿಪ್ಪೆ ಹತ್ತಿದರು.

"ಯಾಕ್ರೀ ಕಾಕಾ, ಸೀರಿ ಒಗ್ಯಾಕ ಹೊಂಟೀರೇನು?" ಎದುರುಮನೆಯವ ಕೇಳಿದ.

"ಬಾಲ ಹಿಡದೇನಪಾ, ಸುಮ್ನಿರ!"

ತಿಪ್ಪೆಯ ಮೇಲೆ ನಿಂತು ಮಾಮಾ ತಮ್ಮ ಕೈಯ ಟವೆಲ್ಲಿನಿಂದ ಬೀದಿ, ಅಂಗಳ, ಪಡಸಾಲೆಯವರೆಗೂ ನೋಡಿದರು. ಆ ಕೊನೆಯಲ್ಲಿ ಅತ್ತೆ ಸೆರಗು ಹಿಡಿದು ಕೂತಿದ್ದಳು.

"ಖರೇನ ಇಷ್ಟಿತ್ತೇನ?"

"ಖರೇನರಿ."

ಕಾಲು ಭಾಗದ ಮಾತು ಬರಲಿಲ್ಲ. ಸೀರೆ ನೆಲಕ್ಕೆ ತಾಗದಂತೆ ಸುತ್ತಿಕೊಳ್ಳುತ್ತ ಅವರು ನಿಧಾನವಾಗಿ ಒಳಗೆ ಬಂದರು.

ಆ ವಾರವೇ ಮಾಮಾ ಕಟ್ಟೆಯ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು, ನಮ್ಮವಳು ಕಂಡ ಮೀನು ಐದು ಸೀರೆ ಉದ್ದ ಎನ್ನುತ್ತಿದ್ದರು. ತಿದ್ದಲೆಂದು ನಾನು ಹೊಸ್ತಿಲು ದಾಟುತ್ತಿದ್ದಂತೆ ಅತ್ತೆ ರಟ್ಟೆ ಹಿಡಿದು ಜಿಗುಟಿದಳು.

"ಸುಮ್ನಿರ. ಅವ್ರು ಹೇಳಿದ್ದನ್ನ ಮಂದಿ ನಂಬತಾರ."