ಸೋಣಕ್ಕೆ ಸೊನ್ನೆ

ಡಿಗ್ರಿ ಎಂದರೆ ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಜ್ವರ ಅಳೆಯುವುದು ಮಾತ್ರ. ನಾನು ಬಿ.ಎ. ಪಾಸಾದ ದಿನ ಅಮ್ಮ ಬೀಡಿಯ ಗೆರಸೆಯನ್ನು ಮಡಿಲಿನಿಂದ ಇಳಿಸಿದಳು. ಹೊಗೆಸೊಪ್ಪಿನ ಕೈ ಎಂದು ಮಾರ್ಕ್ಸ್ ಕಾರ್ಡನ್ನು ಮುಟ್ಟಲಿಲ್ಲ. ನನ್ನ ಕೈಯಲ್ಲೇ ಹಿಡಿಸಿ ನೋಡಿದಳು. ಓದಲು ಅವಳಿಗೆ ಬಾರದು. ಆದರೂ ಎರಡೂ ಬದಿ ತಿರುಗಿಸು ಎಂದಳು.

ಎರಡು ವರ್ಷದ ನಂತರ ನನಗೊಂದು ಸಮೀಕ್ಷೆಯ ಕೆಲಸ ಸಿಕ್ಕಿತು. ಕ್ಯಾನ್ಸರ್ ಬಂದವರಲ್ಲಿ, ಮರೆವಿನ ಕಾಯಿಲೆ ಬಂದವರಲ್ಲಿ ಯಾರಿಗೆ ಚಿಕಿತ್ಸೆ ಬೇಗ ಸಿಗುತ್ತದೆ, ಯಾರಿಗೆ ತಡವಾಗುತ್ತದೆ, ಯಾಕೆ ತಡವಾಗುತ್ತದೆ ಎಂದು ಮನೆಮನೆಗೆ ಹೋಗಿ ಕೇಳುವುದು. ನನ್ನ ಪಾಲಿಗೆ ಬಂದದ್ದು ನಮ್ಮ ಕಾಸರಗೋಡಿನ ಮೊಗ್ರಾಲಿನ ಸುತ್ತಿನ ಮನೆಗಳು. ಕೈಯಲ್ಲಿ ಫೈಲು ಕಂಡರೆ ಸಾಕು, ಆ ಕಡೆಯ ಹೆಂಗಸರು ‘ಟೀಚರ್’ ಎಂದು ಕರೆಯುತ್ತಿದ್ದರು. ನಾನು ಅಲ್ಲ ಎನ್ನಲಿಲ್ಲ. ಕೇಳಲು ಚಂದ ಇತ್ತು.

ಪ್ರಶ್ನೆಗಳು ಮಲಯಾಳದಲ್ಲಿದ್ದವು. ಕನ್ನಡಕ್ಕೆ ತಂದದ್ದು ನಾನೇ. ಕಲಿತವಳು ಮಾಡಿದ್ದು ಎಂದು ಗೊತ್ತಾಗಬೇಕಲ್ಲ, ಅದಕ್ಕೆ ಇದ್ದಬದ್ದ ದೊಡ್ಡ ಪದಗಳನ್ನೆಲ್ಲ ಹಾಕಿದ್ದೆ.

ಆ ಮನೆಗೆ ಹೋದಾಗ ಅಜ್ಜಿ ಜಗಲಿಯಲ್ಲಿ ಕೂತು ತೆಂಗಿನ ಗರಿ ಸೀಳಿ ಗುಡಿಸುವ ಹಿಡಿಸೂಡಿಗೆ ಕಡ್ಡಿ ಮಾಡುತ್ತಿದ್ದರು. ಎಪ್ಪತ್ತು ದಾಟಿದವರು. ಮಗ ರಿಕ್ಷಾ ಓಡಿಸುವುದು, ಸೊಸೆ ಮನೆಯಲ್ಲಿ. ಸೊಸೆ ಬಾಗಿಲಲ್ಲೇ ನನಗೆ ಮೆಲ್ಲಗೆ ಹೇಳಿದಳು: “ಅತ್ತೆಗೆ ಅರಳುಮರಳು ಟೀಚರ್. ಮಾರಿ ಎಂಟು ವರ್ಷ ಆದ ದನಕ್ಕೆ ಮೊನ್ನೆ ಹುಲ್ಲು ಕೇಳಿದರು.”

ನಾನು ಚಾಪೆಯಲ್ಲಿ ಕೂತು ಮೊದಲು ನೆನಪಿನ ಪರೀಕ್ಷೆ ಶುರು ಮಾಡಿದೆ. “ಪ್ರಸ್ತುತ ಮಾಸ ಯಾವುದು?”

“ಎಂತ ಮಗಳೇ? ಯಾರಿಗೆ ಮೋಸ?”

“ಮೋಸ ಅಲ್ಲ ಅಜ್ಜಿ, ಮಾಸ. ತಿಂಗಳು.”

“ಹಾಗೆ ಹೇಳು ಮತ್ತೆ. ಸೋಣ. ಪೋಪಿನ ಒರ್ಂಬ.”

ತುಳು ತಿಂಗಳು ಸೋಣ ಶುರುವಾಗಿ ಒಂಬತ್ತು ದಿನ ಹೋಯಿತು ಎಂದು ಅದರ ಅರ್ಥ. ನಮ್ಮ ಮನೆಯ ಮಾತೂ ತುಳುವೇ, ನನಗೆ ಗೊತ್ತಿಲ್ಲದ್ದಲ್ಲ. ಆದರೆ ಉತ್ತರದ ಹಾಳೆಯಲ್ಲಿ ‘ಆಗಸ್ಟ್ ಅಥವಾ ಚಿಂಙಂ’ ಎಂದಿತ್ತು. ಚಿಂಙಂ ಮಲಯಾಳದವರ ಸೋಣವೇ, ಆದರೂ ಸೋಣ ಎಂಬ ಪದ ಇರಲಿಲ್ಲ. ನಾನು ಸೊನ್ನೆ ಹಾಕಿದೆ.

“ಇದು ಯಾವ ಜಿಲ್ಲೆ?”

“ನಿನಗೆ ಯಾವುದು ಬೇಕು?” ಎಂದರು. “ಹುಟ್ಟುವಾಗ ಸೌತ್ ಕೆನರಾ. ಮದುವೆಯಾಗಿ ಈ ಮನೆಗೆ ಬರುವಾಗ ಕಣ್ಣೂರು. ಆಮೇಲೆ ಕಾಸರಗೋಡು. ಜಿಲ್ಲೆ ಬಂದು ಬಂದು ಹೋಯಿತು, ನಾನು ಇಲ್ಲೇ ಇದ್ದೇನೆ.”

ಸೊಸೆ ನಕ್ಕಳು. ನಾನೂ ನಕ್ಕೆ. ಒಂದೇ ಉತ್ತರ ಬರೆಯಬೇಕೆಂಬ ನಿಯಮ ಇತ್ತು, ಅಲ್ಲೂ ಸೊನ್ನೆ.

“ಒಂದು ವಾಕ್ಯ ಬರೆಯುತ್ತೀರಾ?”

“ಹೊಸ್ತಿಲು ಬರೆಯಲು ಬರುತ್ತದೆ.”

ಸೋಣದಲ್ಲಿ ಹೆಂಗಸರು ಹೊಸ್ತಿಲಿಗೆ ರಂಗೋಲಿ ಬರೆದು ಹೂವಿಡುವುದು ಉಂಟಲ್ಲ, ಅದು. ಅದಕ್ಕೂ ಸೊನ್ನೆ. ಕೊನೆಗೆ ಅಂಕ ಕೂಡಿಸಿದಾಗ ಪಾಸಿನ ಗೆರೆಗಿಂತ ತುಂಬ ಕೆಳಗೆ ಬಂತು. ‘ಮರೆವು ಇದೆ’ ಎಂಬಲ್ಲಿ ಗುರುತು ಹಾಕಿದೆ.

ಫೈಲು ಕಟ್ಟುವಾಗ ಅಜ್ಜಿ ಕಡ್ಡಿ ಕೆಳಗಿಟ್ಟು, ಸ್ವರ ತಗ್ಗಿಸಿ ಹೇಳಿದರು: “ಮಗಳೇ, ಎದೆಯಲ್ಲಿ ಒಂದು ಗಂಟು ಉಂಟು. ಕಳೆದ ಸೋಣದಲ್ಲಿ ಹೊಸ್ತಿಲು ಬರೆಯಲು ಬಗ್ಗಿದಾಗ ಕೈಗೆ ಸಿಕ್ಕಿತು.”

ಸೊಸೆ ಒಳಗಿಂದಲೇ, “ಒಂದು ದಿನ ಮೊಣಕಾಲು, ಒಂದು ದಿನ ಗಂಟು. ಅದನ್ನೆಲ್ಲ ಬರೆಯಬೇಡಿ ಟೀಚರ್,” ಎಂದಳು.

ಮರೆವು ಇದ್ದವರ ಕಾಯಿಲೆಯ ವಿಷಯ ಮನೆಯವರನ್ನು ಕೇಳಿ ಬರೆಯಬೇಕು ಎಂದು ಹಾಳೆಯಲ್ಲೇ ಇತ್ತು. ಹಾಗೆಂದು ಹೇಳಿ, ಗಂಟು ಉಂಟಾ ಎಂದು ಸೊಸೆಯನ್ನು ಕೇಳಿದೆ. ಅವಳು ಇಲ್ಲ ಎಂದಳು. ನಾನು ‘ಇಲ್ಲ’ ಎಂದು ಬರೆದೆ. ಅಜ್ಜಿ ನನ್ನ ಪೆನ್ನನ್ನೇ ನೋಡುತ್ತಿದ್ದರು. ಓದಲು ಬಾರದಿದ್ದರೂ ಆ ಅಕ್ಷರ ಅವರಿಗೆ ತಿಳಿಯಿತು ಎಂದು ನನಗೆ ಈಗಲೂ ಅನಿಸುತ್ತದೆ.

ಮನೆಗೆ ಬಂದು ಅಮ್ಮನಿಗೆ ಇದನ್ನೆಲ್ಲ ತಮಾಷೆಯಾಗಿ ಹೇಳಿದೆ. ಮೋಸ, ಮೂರು ಜಿಲ್ಲೆ, ಸೋಣ. ಮೋಸ ಎಂದಾಗ ಅಮ್ಮ ನಕ್ಕಳು. ಸೋಣ ಎಂದಾಗ ನಗಲಿಲ್ಲ.

“ಮತ್ತೆ ಸೋಣ ಅಲ್ಲದೆ ಎಂತ ಇದು?”

“ಆಗಸ್ಟ್ ಎಂದು ಹೇಳಬೇಕಿತ್ತು.”

“ನೀನು ಹುಟ್ಟಿದ್ದು ಸುಗ್ಗಿಯಲ್ಲಿ. ಶಾಲೆಗೆ ಸೇರಿಸುವಾಗ ಮಾಸ್ಟ್ರು ಕೇಳಿದರು, ನಾನು ಸುಗ್ಗಿ ಎಂದೇ ಹೇಳಿದ್ದು. ಅವರು ಬೆರಳಲ್ಲಿ ಲೆಕ್ಕ ಹಾಕಿ ಮಾರ್ಚ್ ಎಂದು ಬರೆದರು. ನನಗೆ ಸೊನ್ನೆ ಹಾಕಲಿಲ್ಲ.”

“ಅಮ್ಮಾ, ನಿಯಮ ಹಾಗೆ ಉಂಟು.”

“ನಿಯಮ ಬರೆದವರಿಗೆ ಸೋಣ ಗೊತ್ತಿಲ್ಲ. ನಿನಗೂ ಗೊತ್ತಿಲ್ಲವಾ?”

ಮಾತು ತಿರುಗಿಸಲು ಗಂಟಿನ ವಿಷಯ ಹೇಳಿದೆ. ಅಮ್ಮನ ಕೈ ಅಲ್ಲೇ ನಿಂತಿತು. ಬೀಡಿ ಕಟ್ಟುವಾಗ ಅವಳ ಕೈ ನಿಲ್ಲುವುದು ಅಪರೂಪ.

“ಕಳೆದ ಸೋಣ ಎಂದರಾ? ಹೊಸ್ತಿಲು ಬರೆಯುವಾಗ ಎಂದರಾ? ಅಷ್ಟು ನೆನಪಿದ್ದವರಿಗೆ ಅರಳುಮರಳು ಎಂದು ಬರೆದು ಬಂದೆಯಾ ನೀನು?”

ಮರುದಿನ ಮೊದಲ ಬಸ್ಸಿಗೇ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ನಾನು ಹೇಳಿದ್ದನ್ನು ಸೊಸೆ ಕೇಳದಿದ್ದರೆ? ನಿನ್ನೆ ನಾನೇ ಮರೆವು ಇದೆ ಎಂದು ಗುರುತು ಹಾಕಿದ್ದೇನಲ್ಲ.

ಈ ಸಲ ಫೈಲು ತೆರೆಯಲಿಲ್ಲ. ತುಳುವಿನಲ್ಲೇ ಮಾತಾಡಿದೆ. ಅಜ್ಜಿ ನನ್ನನ್ನು ಒಳಗಿನ ಕೋಣೆಗೆ ಕರೆದು, ರವಕೆಯ ಗುಬ್ಬಿ ಬಿಚ್ಚಿ, ನನ್ನ ಬೆರಳನ್ನು ಆ ಜಾಗದಲ್ಲಿ ಇಟ್ಟರು. ಸಿಪ್ಪೆ ಬಿಡಿಸದ ಗೇರುಬೀಜದಷ್ಟು, ಗಟ್ಟಿ.

“ನೋವುಂಟಾ?”

“ಇಲ್ಲ. ನೋವಿದ್ದಿದ್ದರೆ ಇವರು ನಂಬುತ್ತಿದ್ದರೋ ಎಂತದೋ.”

ಹೊರಗೆ ಬಂದು ಸೊಸೆಗೆ ಆಸ್ಪತ್ರೆಗೆ ಕರಕೊಂಡು ಹೋಗಬೇಕು ಎಂದೆ. ಅವಳಿಗೆ ಸಿಟ್ಟು ಬಂತು. ಬರಬೇಕಾದದ್ದೇ. “ನಿನ್ನೆ ಮರೆವು ಎಂದು ಬರೆದದ್ದು ನೀವೇ ಅಲ್ವಾ? ನಾನು ರಾತ್ರಿ ಗಂಡನಿಗೂ ಹೇಳಿದೆ, ನೋಡಿ, ಪರೀಕ್ಷೆ ಮಾಡಿಯೇ ಬರೆದರು ಎಂದು.”

“ನಾನು ತಪ್ಪು ಬರೆದೆ.”

ಹೇಳಲು ಕಷ್ಟವಾಯಿತು. ಬಿ.ಎ. ಪಾಸಾದ ಮೇಲೆ ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಸೊಸೆ ನನ್ನನ್ನು ಒಂದು ಗಳಿಗೆ ನೋಡಿದಳು. “ಕಲಿತವರೂ ತಪ್ಪು ಬರೆಯುತ್ತಾರಾ ಮಾರಾಯ್ತಿ?” ಟೀಚರ್ ಹೋಗಿ ಮಾರಾಯ್ತಿ ಆದೆ. ಮತ್ತೆ ಅವಳು ಒಳಗೆ ಹೋಗಿ ಅತ್ತೆಯ ಹತ್ತಿರ ಕೂತು, ತಾನೂ ಮುಟ್ಟಿ ನೋಡಿದಳು. ಹೊರಗೆ ಬರುವಾಗ ಮುಖ ಬಿಳುಚಿತ್ತು. “ಒಂದು ವರ್ಷದಿಂದ ಹೇಳುತ್ತಾ ಇದ್ದರು,” ಎಂದಳು. ಅಷ್ಟೇ.

ಮಗ ಮರುದಿನ ಬಾಡಿಗೆ ಬಿಟ್ಟು ಅದೇ ರಿಕ್ಷಾದಲ್ಲಿ ಕರಕೊಂಡು ಹೋದ. ಅಜ್ಜಿ ಹಟ ಹಿಡಿದದ್ದರಿಂದ ನಾನೂ ಹೋದೆ. ಡಾಕ್ಟರು ಮಲಯಾಳದಲ್ಲಿ, ಎಷ್ಟು ಸಮಯದಿಂದ ಎಂದು ಕೇಳಿದರು.

“ಸೋಣ,” ಎಂದರು ಅಜ್ಜಿ.

ಡಾಕ್ಟರು ನನ್ನನ್ನು ನೋಡಿದರು. ಸೊಸೆಯೂ ನನ್ನನ್ನು ನೋಡಿದಳು.

“ಚಿಂಙಂ,” ಎಂದೆ. “ಕಳೆದ ವರ್ಷದ ಚಿಂಙಂ. ಒಂದು ವರ್ಷ ಆಯಿತು.”

ಅವರು ಬರೆದುಕೊಂಡರು. ಪರೀಕ್ಷೆಗಳಾದ ಮೇಲೆ ಕ್ಯಾನ್ಸರ್ ಎಂದರು, ಇನ್ನೊಂದು ವರ್ಷ ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಮಂಗಳೂರಿನಲ್ಲಿ ಆಪರೇಷನ್ ಆಯಿತು. ಕೂದಲು ಉದುರಿತು, ಮತ್ತೆ ಬಂತು.

ಸಮೀಕ್ಷೆಯ ಹಾಳೆಯಲ್ಲಿ ಸೊನ್ನೆಗಳನ್ನು ಹೊಡೆದುಹಾಕಿ, ‘ಸೋಣ ಅಂದರೆ ಚಿಂಙಂ, ಉತ್ತರ ಸರಿ’ ಎಂದು ಅಂಚಿನಲ್ಲಿ ಬರೆದೆ. ಉಳಿದ ಮನೆಗಳಿಗೂ ತಿರುಗಿ ಹೋಗಿ ಕೇಳಿದೆ, ನಮ್ಮ ಮಾತಿನಲ್ಲೇ. ಪ್ರಾಜೆಕ್ಟಿನ ಸಾರ್ ಮೊದಲು ಗದರಿದರು, ಆಮೇಲೆ ಆ ಅಂಚಿನ ಬರಹವನ್ನು ಎರಡು ಸಲ ಓದಿದರು. ಯಾರಿಗೆ ಯಾಕೆ ತಡವಾಗುತ್ತದೆ ಎಂಬ ಪ್ರಶ್ನೆಗೆ ಒಂದು ಉತ್ತರ ನನ್ನ ಪೆನ್ನಿನಲ್ಲೇ ಇತ್ತು ಎಂದು ಅವರಿಗೆ ನಾನು ಬಾಯಿಬಿಟ್ಟು ಹೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಆ ಮನೆಯ ಪರಿಚಯ ಉಳಿಯಿತು. ಪ್ರತಿ ವರ್ಷ ಅಜ್ಜಿಯ ಕೈಯ ಒಂದು ಹಿಡಿಸೂಡಿ ನಮ್ಮ ಮನೆಗೆ ಬರುತ್ತಿತ್ತು. ಆರನೆಯ ವರ್ಷ ಬರಲಿಲ್ಲ. ಸೊಸೆಯ ಫೋನು ಬಂತು.

“ಟೀಚರ್, ಬೆಳಿಗ್ಗೆ ಅತ್ತೆಯನ್ನು ಹೊಸ್ತಿಲ ಹತ್ತಿರ ಕೂರಿಸಿದೆ. ಸೋಣ ಅಲ್ವಾ, ಬರೆಯುವುದಿಲ್ಲವಾ ಎಂದು ಕೇಳಿದೆ. ಸೋಣ ಎಂದರೆ ಯಾರು ಎಂದು ನನ್ನನ್ನೇ ಕೇಳಿದರು.” ಮತ್ತೆ ಹೇಳಿದಳು: “ಈಗ ಬನ್ನಿ. ಈಗ ಬರೆಯಿರಿ, ಮರೆವು ಎಂದು.”