ಮೀನಿಗೆ ಹೇನು ಬಿದ್ದ ಬೇಸಿಗೆ

ನನ್ನನ್ನು ಮದುವೆ ಮಾಡಿಕೊಡುವಾಗ ಅಪ್ಪ ವಿಚಾರಿಸಿದ್ದು ಒಂದೇ ಸಂಗತಿ: ಹುಡುಗನಿಗೆ ಸರ್ಕಾರಿ ನೌಕರಿ ಇದೆಯೇ? ಇತ್ತು. ಬೇಸಾಯ ಇಲಾಖೆಯಲ್ಲಿ ಗುಮಾಸ್ತ. ಮದುವೆಯಾದ ಮರುವರ್ಷ ಸರ್ಕಾರ ಅದೇ ಹುಡುಗನನ್ನು ಮೀನು ಸಾಕುವುದನ್ನು ಕಲಿಯಲು ಕಳಿಸಿ, ಕೆಂಗೇರಿಯ ಹೊರಗೆ ಮೀನುಮರಿ ಬೆಳೆಸುವ ಕೊಳಗಳ ಉಸ್ತುವಾರಿಗೆ ಹಾಕಿತು. ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆಯ ಹೆಸರನ್ನೂ ಊಟದ ಹೊತ್ತಿನಲ್ಲಿ ಎತ್ತುತ್ತಿರಲಿಲ್ಲ. ಸುದ್ದಿ ತಿಳಿದ ಅಪ್ಪ ದಾವಣಗೆರೆಯಿಂದ ಅಣ್ಣನ ಕೈಲಿ ಹೇಳಿಕಳಿಸಿದರು, ಅಳಿಯಂದಿರಿಗೆ ವರ್ಗವಾಗುವ ತನಕ ತಾವು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು. ವರ್ಗ ಆಗಲಿಲ್ಲ. ಅಪ್ಪ ಬರಲಿಲ್ಲ.

ಕೊಳಗಳ ಪಕ್ಕದಲ್ಲಿ ಎರಡು ಕೋಣೆಯ ಹೆಂಚಿನ ಮನೆ ಕೊಟ್ಟಿದ್ದರು. ಸುತ್ತ ರಾಗಿ ಹೊಲ. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಇನ್ನೊಂದು ಮನೆ ಇರಲಿಲ್ಲ. ನಮ್ಮವರು ಇಲಾಖೆಯ ಕೆಲಸದ ಮೇಲೆ ವಾರಗಟ್ಟಲೆ ಊರೂರಿನ ಕೆರೆ ಸುತ್ತುತ್ತಿದ್ದರು. ಪೇಟೆಯಲ್ಲಿದ್ದ ನಮ್ಮ ಪೈಕಿಯವರು ಮೊದಲು ಅರಿಶಿನ ಕುಂಕುಮಕ್ಕೆ ಕರೆದರು, ಗಂಡನ ಕೆಲಸ ಏನೆಂದು ಗೊತ್ತಾದ ಮೇಲೆ ಕರೆಯುವುದನ್ನು ಮರೆತರು. ಹಳ್ಳಿಯ ಹೆಂಗಸರು ಮಾತ್ರ ಸೆರಗು ಒಡ್ಡಿಕೊಂಡು ಬಾಗಿಲಿಗೇ ಬಂದು ಕೇಳುತ್ತಿದ್ದರು.

"ಒಂದೆರಡು ಮೀನು ಕೊಡ್ರವ್ವ, ಸಾರಿಗೆ."

"ಇವು ಮರಿ ಮಾಡೋಕೆ ಇರೋ ಮೀನಮ್ಮಾ, ಕೊಡೋ ಹಾಗಿಲ್ಲ. ನಾವೂ ತಿನ್ನಲ್ಲ."

"ತಿನ್ನಲ್ವಾ? ಮತ್ಯಾಕವ್ವಾ ಸಾಕ್ತೀರಾ?"

ನಗುತ್ತಾ ಹೋಗಿಬಿಡುವರು. ನಾನು ಅತ್ತ ನಮ್ಮ ಪೈಕಿಯವರಿಗೂ ಬೇಡ, ಇತ್ತ ಹಳ್ಳಿಯವರಿಗೂ ಬೇಡ. ನನಗೆ ಬಂದ ಸಿಟ್ಟನ್ನು ಕೇಳಲು ಕೂಡ ಒಂದು ಮನುಷ್ಯಪ್ರಾಣಿ ಇರಲಿಲ್ಲ. ಹಾಗಾಗಿ ತೌಡು, ಹಿಂಡಿ ಕಲಸಿದ ಉಂಡೆ ಹಾಕುವಾಗ ಮೀನುಗಳಿಗೇ ಹೇಳುತ್ತಿದ್ದೆ. ದೊಡ್ಡ ಕೊಳದ ಗೆಂಡೆಗಳು, ಮೊಟ್ಟೆಯಿಡುವ ತಾಯಿಮೀನುಗಳು, ನನ್ನ ಹೆಜ್ಜೆ ಸದ್ದಿಗೆ ದಂಡೆಗೆ ಬರುತ್ತಿದ್ದವು. ಬಾಯಿ ತೆರೆದು ಮುಚ್ಚುತ್ತಾ, ಹೌದೌದು ಅನ್ನುವ ಅತ್ತೆಯಂದಿರಂತೆ ನಿಲ್ಲುತ್ತಿದ್ದವು. ಅವುಗಳ ಮೇಲೆ ನನಗೆ ಪ್ರೀತಿ ಹುಟ್ಟಿತು ಎಂದು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಆ ಬೇಸಿಗೆಯಲ್ಲಿ ಅವು ಬರುವುದನ್ನು ನಿಲ್ಲಿಸಿದವು. ಉಂಡೆ ಹಾಗೇ ಮುಳುಗುತ್ತಿತ್ತು. ಮೀನುಗಳು ದಂಡೆಯ ಕಲ್ಲಿಗೆ ಮೈ ಉಜ್ಜುತ್ತಿದ್ದವು, ಇದ್ದಕ್ಕಿದ್ದಂತೆ ನೀರಿನಿಂದ ಚಿಮ್ಮುತ್ತಿದ್ದವು. ನಮ್ಮವರು ಮನೆಗೆ ಬಂದವರೇ ಬಲೆ ಹಾಕಿ ಒಂದನ್ನು ಎತ್ತಿ ತೋರಿಸಿದರು. ಮೈಮೇಲೆ ಅಲ್ಲಲ್ಲಿ ಕೆಂಪು ಗಾಯ. ಹೆಸರುಬೇಳೆಯಷ್ಟು ಗಾತ್ರದ, ಚಪ್ಪಟೆಯಾದ ಹುಳುಗಳು ಹುರುಪೆಯ ಮೇಲೆ ಸರಸರ ಓಡುತ್ತಿದ್ದವು.

"ಹೇನು ಕಣೇ," ಎಂದರು.

"ಕೂದಲಿಲ್ಲದವಕ್ಕೂ ಹೇನಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮರುದಿನ ಬೆಳಿಗ್ಗೆ ಎರಡು ತಾಯಿಮೀನು ಸತ್ತು ತೇಲುತ್ತಿದ್ದವು. ನಗು ಅಲ್ಲಿಗೆ ನಿಂತಿತು.

ಸತ್ತವನ್ನು ದೂರದಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ ಹೂತರು. ಉಳಿದವನ್ನು ಒಂದೊಂದಾಗಿ ಹಿಡಿಯಬೇಕು, ಕಚ್ಚಿಕೊಂಡ ಹೇನನ್ನು ಚಿಮಟದಿಂದ ಕೀಳಬೇಕು, ಆಮೇಲೆ ಉಪ್ಪುನೀರಿನ ತೊಟ್ಟಿಯಲ್ಲಿ ಅದ್ದಬೇಕು. ಮೀನು ತಡೆಯಲಾರದೆ ಹೊರಳುತ್ತದೆ ಎನ್ನುವಾಗ ತೆಗೆದು ಒಳ್ಳೆಯ ನೀರಿಗೆ ಬಿಡಬೇಕು. ಕೊಂಚ ತಡವಾದರೂ ಹೇನಿನ ಜೊತೆ ಮೀನೂ ಹೋಗುತ್ತದೆ. ಹೇನು ಮೊಟ್ಟೆಯಿಡುವುದು ಮೀನಿನ ಮೇಲಲ್ಲವಂತೆ, ಕಲ್ಲಿಗೆ, ಮರಕ್ಕೆ ಅಂಟಿಸುತ್ತದಂತೆ. ಅದಕ್ಕೆಂದೇ ಪಕ್ಕದ ಕೊಳಗಳಲ್ಲಿ ಬಿದಿರ ದಬ್ಬೆ ನೆಟ್ಟು, ಅಂಟಿದ ಮೊಟ್ಟೆ ಸಾಯಲೆಂದು ಆಗಾಗ ಕಿತ್ತು ಬಿಸಿಲಿಗೆ ಒಣಹಾಕುತ್ತಿದ್ದೆವು. ರೋಗ ಬಿದ್ದ ಕೊಳದ ನೀರನ್ನೇ ಹೊರಗೆ ಬಿಟ್ಟು, ಕೆಸರು ಬಿರಿಯುವವರೆಗೆ ಒಣಗಿಸಿ, ಸುಣ್ಣ ಎರಚಬೇಕಿತ್ತು.

"ಹೇನು ತೆಗೆಯೋದು ನಿಮ್ಮ ಹೆಂಗಸರ ವಿದ್ಯೆ ತಾನೇ, ಬಾ," ಎಂದು ನಮ್ಮವರು ಚಿಮಟ ನನ್ನ ಕೈಗೇ ಕೊಟ್ಟರು. ಮೀನು ಮುಟ್ಟಿದ್ದು ಅದೇ ಮೊದಲು. ಸೆರಗು ಸಿಕ್ಕಿಸಿಕೊಂಡು ಕೂತೆ. ನಾಲ್ಕಾರು ಮೀನು ಆಗುವಷ್ಟರಲ್ಲಿ ಅಸಹ್ಯವೆಲ್ಲ ಹೋಗಿತ್ತು.

ಹಾಗೆ ಕೂತಿದ್ದಾಗಲೇ, ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದ ಅಪ್ಪ ಬಂದರು. ಮೈಸೂರು ರೈಲು ಹಿಡಿದು ಕೆಂಗೇರಿಯಲ್ಲಿ ಇಳಿದು, ದಾರಿ ಕೇಳಿಕೊಂಡು, ಹೆಗಲಿಗೆ ಚೀಲ ಹಾಕಿಕೊಂಡು ದಂಡೆಯ ಮೇಲೆ ನಿಂತಿದ್ದರು. ನನ್ನ ಕೈಯಲ್ಲಿ ಮೀನು. ಬಿಡುವಂತಿಲ್ಲ, ಹಿಡಿಯುವಂತಿಲ್ಲ.

"ಏನವ್ವಾ ಇದು?"

"ಹೇನು ಬಿದ್ದೈತಪ್ಪಾ ಇವಕ್ಕೆ. ತೆಗೀದಿದ್ರೆ ಸಾಯ್ತಾವು."

ಅಪ್ಪ ಬಗ್ಗಿ ಮೀನಿನ ಗಾಯ ನೋಡಿದರು. ಊರಲ್ಲಿ ದನಕ್ಕೆ ಕಾಲುಬಾಯಿ ರೋಗ ಬಂದರೆ ರಾತ್ರಿಯೆಲ್ಲ ಕೊಟ್ಟಿಗೆಯಲ್ಲೇ ಕೂರುವ ಮನುಷ್ಯ. ಚೀಲ ಇಳಿಸಿದರು, ಪಂಚೆ ಎತ್ತಿ ಕಟ್ಟಿದರು. ಮೀನನ್ನು ಮುಟ್ಟಲಿಲ್ಲ. ಆದರೆ ತೊಟ್ಟಿಗೆ ನೀರು ಹೊತ್ತು ಹಾಕಿದರು, ಉಪ್ಪು ಕದಡಿದರು.

"ಇವರದು ಕೊಲ್ಲೋ ಕೆಲಸ ಅಂದ್ಕೊಂಡಿದ್ದೆ. ಇದು ಮೀನಿನ ಆಸ್ಪತ್ರಿ ಅಲ್ಲೇನವ್ವಾ," ಎಂದು ನಕ್ಕರು. ಆ ನಗುವಿಗೆ ನಾನು ಎಷ್ಟು ಹಸಿದಿದ್ದೆನೋ!

ಸ್ನಾನ, ಲಿಂಗಪೂಜೆ ಮುಗಿಸಿ ಊಟಕ್ಕೆ ಕೂತರು. ರೊಟ್ಟಿ, ಎಣ್ಣೆಗಾಯಿ ಮಾಡಿದ್ದೆ. ನನ್ನ ಮನೆಯಲ್ಲಿ ಅಪ್ಪ ಉಣ್ಣುತ್ತಿದ್ದಾರೆ ಎಂಬುದೇ ನಂಬಿಕೆಯಾಗದೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದರು. ಆಮೇಲೆ ಕೇಳಿದರು:

"ಹುಷಾರಾದ ಮ್ಯಾಲೆ ಇವನ್ನ ಎಲ್ಲಿ ಬಿಡ್ತೀರಿ? ಹೊಳಿಗೋ, ಗುಡಿ ಹೊಂಡಕ್ಕೋ?"

ನಮ್ಮವರು ತಲೆ ತಗ್ಗಿಸಿ ರೊಟ್ಟಿ ಮುರಿಯತೊಡಗಿದರು. ಹೊಳೆಗೆ ಎಂದರೆ ಮುಗಿಯುತ್ತಿತ್ತು. ನಾಲ್ಕು ದಿನ ಮನೆಯಲ್ಲಿ ಮಾತು ಇರುತ್ತಿತ್ತು. ಆದರೆ ಆಗತಾನೇ ಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ ಕೂತ ಅಪ್ಪನ ಎದುರು ನನಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಇವುಗಳ ಮರೀನ ಊರೂರಿನ ಕೆರೆಗೆ ಬಿಡ್ತಾರಪ್ಪಾ. ದೊಡ್ಡವಾದ ಮೇಲೆ ಜನ ಹಿಡಿದು ತಿಂತಾರೆ. ಇವಕ್ಕೆ ವಯಸ್ಸಾದ್ರೆ ಇವನ್ನೂ ಅಷ್ಟೇ."

ಅಪ್ಪನ ಕೈ ತಟ್ಟೆಯ ಮೇಲೆ ನಿಂತಿತು. ಎದ್ದುಬಿಡುತ್ತಾರೆ ಎಂದುಕೊಂಡೆ. ಏಳಲಿಲ್ಲ. ತಟ್ಟೆಗೆ ಬಿದ್ದದ್ದು ನಮ್ಮಲ್ಲಿ ಪ್ರಸಾದ, ಅಗುಳೂ ಬಿಡುವಂತಿಲ್ಲ. ಉಳಿದ ರೊಟ್ಟಿಯನ್ನು ತಿಂದು ಮುಗಿಸಿದರು. ತಟ್ಟೆಗೆ ನೀರು ಹಾಕಿ ಬೆರಳಿಂದ ತೊಳೆದು, ಆ ನೀರನ್ನೂ ಕುಡಿದರು. ಬಟ್ಟೆಯಿಂದ ತಟ್ಟೆ ಒರೆಸಿ ಗೋಡೆಗೆ ಒರಗಿಸಿದರು. ಆಮೇಲೆ ಚೀಲ ಎತ್ತಿಕೊಂಡರು.

ಸ್ಟೇಷನ್ನಿನ ತನಕ ಕಳಿಸಲು ನಾನೊಬ್ಬಳೇ ಹೋದೆ. ನಮ್ಮವರು ಹೊರಟಾಗ ಅಪ್ಪನೇ ತಡೆದರು, ಹೇನು ತೆಗೆಯಬೇಕಾದ ಮೀನು ಇನ್ನೂ ಇದ್ದಾವೆ, ನೋಡಿಕೊಳ್ಳಿ ಎಂದು. ದಾರಿಯುದ್ದಕ್ಕೂ ಅಮ್ಮನ ಮಂಡಿನೋವಿನ ಮಾತು, ಅಣ್ಣನ ಮಕ್ಕಳ ಮಾತು. ಗಾಡಿ ಬಂದು ನಿಂತಿತು. ಕಿಟಕಿಯ ಪಕ್ಕ ಕೂತು, ನನ್ನ ಮುಖ ನೋಡದೆ ಹೇಳಿದರು:

"ಮೀನು ಯಾತಕ್ಕ ಸಾಕ್ತಾರಂತ ನನಗ ಗೊತ್ತಿರಲಿಲ್ಲೇನವ್ವಾ? ಹೊಳಿಗೆ ಅಂದಿದ್ರ ಆಗ್ತಿತ್ತು. ಇರಾಕಂತನ ಬಂದಿದ್ದೆ."

ಗಾಡಿ ಹೊರಟಿತು. ಮನೆಗೆ ಬಂದು, ಅಪ್ಪನಿಗೆಂದು ಬಿಸಿಲಿಗೆ ಹಾಕಿದ್ದ ಹಾಸಿಗೆಯನ್ನು ಮಡಚಿ ಒಳಗಿಟ್ಟೆ.