ದೋಣಿಯ ಮೈಮೇಲೆ ಮೂರು ಸುಣ್ಣದ ಗೆರೆ

"ಇವತ್ತು ಒಬ್ಬ ಬಂದಿದ್ದ ಕಣೇ, ದೋಣಿಗೆ ಸ್ಪಂಜು ಬೇಕಂತೆ. ದೋಣಿಗೂ ಮೆತ್ತಗೆ ಕೂರೋ ಆಸೆ!" ಎಂದು ನಮ್ಮ ಯಜಮಾನರು ಮಧ್ಯಾಹ್ನ ಊಟಕ್ಕೆ ಕೂತಾಗ ನಕ್ಕರು. ಮುನಿರಾಜಪ್ಪನವರ ಸುದ್ದಿ ನಾನು ಮೊದಲು ಕೇಳಿದ್ದು ಹಾಗೆ. ಅದಕ್ಕೀಗ ಒಂಬತ್ತು ವರ್ಷ. ಆ ದಿನ ಹುರುಳಿಕಾಳಿನ ಬಸ್ಸಾರು ಮಾಡಿದ್ದೆ, ಉಪ್ಪು ಕೊಂಚ ಜಾಸ್ತಿಯಾಗಿತ್ತು. ಅದೂ ನೆನಪಿದೆ.

ಟಿನ್ ಫ್ಯಾಕ್ಟರಿ ಹತ್ತಿರ ನಮ್ಮದು ಸೀಟ್ ಹೊಲಿಯುವ ಅಂಗಡಿ ಇತ್ತು. ಆಟೋ, ಟೆಂಪೋ, ಲಾರಿ ಸೀಟು. ಹಳೆಯ ಸೀಟು ಬಿಚ್ಚಿದಾಗ ಉಳಿಯುವ ಸ್ಪಂಜು ಮೂಟೆಗಟ್ಟಲೆ ಹಿಂದಿನ ಗೋಡೆಗೆ ಒರಗಿರುತ್ತಿತ್ತು. ಅದರಲ್ಲಿ ನಾಲ್ಕು ಮೂಟೆ ಕೊಟ್ಟು ಕಳಿಸಿದೆ ಎಂದರು. ನೀರಿನ ಮೇಲಿರುವ ವಸ್ತುವಿಗೆ ಸ್ಪಂಜು ಯಾಕೆ ಎಂದು ನಾನು ಕೇಳಲಿಲ್ಲ. ಮಜ್ಜಿಗೆ ಬಡಿಸಿದೆ.

ಎರಡು ವರ್ಷ ಕಳೆದು ಯಜಮಾನರು ತೀರಿಕೊಂಡರು. ಅಂಗಡಿ ಬಿಟ್ಟು ಹೊಲಿಗೆ ಮಿಷನ್ನನ್ನು ಕೆ.ಆರ್. ಪುರದ ಮನೆಯ ಜಗುಲಿಗೆ ತಂದು ಹಾಕಿಕೊಂಡೆ. ಟಾರ್ಪಾಲು, ರೆಕ್ಸಿನ್ ಚೀಲ ಹೊಲಿಯುತ್ತೇನೆ. ಮನೆಯ ಮುಂದೆ ಒಂದು ಹೊಂಗೆ ಮರ, ಅದರಾಚೆ ಕೆರೆ.

ಆ ಕೆರೆಗೆ ಮುನಿರಾಜಪ್ಪನವರ ವಂಶದವರೇ ನೀರಗಂಟಿಗಳು. ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ನೀರು ಎಂದು ಬಿಡುವ ಕೆಲಸ. ಗದ್ದೆಗಳೆಲ್ಲ ಮನೆಗಳಾದ ಮೇಲೆ ತೂಬಿಗೆ ಕೆಲಸವಿಲ್ಲ, ನೀರಗಂಟಿಗೂ ಇಲ್ಲ. ಆದರೆ ಅವರಿಗೆ ನೀರು ಬಿಟ್ಟು ಇರಲು ಗೊತ್ತಿರಲಿಲ್ಲ. ಎಲ್ಲೋ ಮುಚ್ಚಿದ ಬೋಟಿಂಗ್ ಕ್ಲಬ್ಬಿನಿಂದ ಹಳೆಯ ಫೈಬರ್ ದೋಣಿಯೊಂದನ್ನು ತಂದರು. ತಳಕ್ಕೂ ಮೇಲಿನ ಹಲಗೆಗೂ ನಡುವೆ, ದೋಣಿ ಮುಳುಗದಿರಲೆಂದು, ಬಿಳಿ ಫೋಮು ತುಂಬಿರುತ್ತಾರಂತೆ. ಇದರದ್ದನ್ನು ಷೆಡ್ಡಿನಲ್ಲೇ ಇಲಿ ತಿಂದುಹಾಕಿದ್ದವು. ಆ ಜಾಗ ತುಂಬಿಸಲೆಂದೇ ಅವರು ನಮ್ಮ ಅಂಗಡಿಗೆ ಬಂದಿದ್ದು. ಆಮೇಲೆ ತಮ್ಮ ಪಿಳ್ಳಪ್ಪನನ್ನು ಕೂರಿಸಿಕೊಂಡು ಕೆರೆಯ ನೀರು ಮುಚ್ಚಿದ್ದ ಅಂತರಗಂಗೆ ಸೊಪ್ಪು ಎಳೆಯುವ ಕೆಲಸ ಹಿಡಿದರು.

ಮೂರು ವರ್ಷದ ಹಿಂದೆ ಮಳೆ ಹಿಡಿದು ಮಹದೇವಪುರದ ಕಡೆ ಬಡಾವಣೆಗಳಲ್ಲಿ ಎದೆಮಟ್ಟ ನೀರು ನಿಂತಾಗ ಅಣ್ಣತಮ್ಮ ಇಬ್ಬರೂ ದೋಣಿಯನ್ನು ಟ್ರಾಕ್ಟರಿಗೆ ಏರಿಸಿಕೊಂಡು ಹೋದರು. ಮುಂದೆ ಮುನಿರಾಜಪ್ಪ, ಹಿಂದೆ ಗಳ ಹಿಡಿದು ಪಿಳ್ಳಪ್ಪ. ನಾಲ್ಕನೆಯ ಸುತ್ತಿಗೆ ಏಳು ಜನ ಹತ್ತಿದ್ದರು. ಒಂದು ಮನೆಯ ಗೇಟಿನ ಬಳಿ ದೋಣಿಯ ಹಿಂಭಾಗ ಹಾಗೇ ಕುಸಿಯಿತು. ಹತ್ತಿದವರೆಲ್ಲ ಕಾಂಪೌಂಡ್ ಗೋಡೆ ಹಿಡಿದು ಬದುಕಿದರು. ಪಿಳ್ಳಪ್ಪನ ಕಾಲು ನೀರಿನಡಿ ಗೇಟಿನ ಕಂಬಿಗೆ ಸಿಕ್ಕಿಕೊಂಡಿತ್ತು. ಮಾರನೆಯ ದಿನ ನೀರು ಇಳಿದ ಮೇಲೆ ಸಿಕ್ಕಿದ.

ತಿಥಿ ಮುಗಿದ ಮೇಲೆ ಮುನಿರಾಜಪ್ಪ ನಮ್ಮ ಜಗುಲಿಯ ಮುಂದೆ ಬಂದು ನಿಂತರು. ಕಪ್ಪು, ಎತ್ತರ, ಹೆಗಲ ಮೇಲೆ ಟವೆಲ್ಲು. "ಅಕ್ಕ, ಈ ಹೊಂಗೆ ಕೆಳಗೆ ದೋಣಿ ಹಾಕ್ಕೊಳ್ಲಾ? ಮನೆ ಹತ್ರ ಇಟ್ರೆ ಮಂಜುಳಮ್ಮ ನೋಡ್ಬೇಕಾಗುತ್ತೆ." ಮಂಜುಳಮ್ಮ ಎಂದರೆ ಪಿಳ್ಳಪ್ಪನ ಹೆಂಡತಿ. ಹಾಕಿಕೊಳ್ಳಿ ಎಂದೆ. ಒಂದು ಕಾಲಕ್ಕೆ ನಾಲ್ಕು ಜನ ಎತ್ತುತ್ತಿದ್ದ ದೋಣಿಯನ್ನು ಅವತ್ತು ಹತ್ತು ಜನ ಏದುಸಿರು ಬಿಡುತ್ತಾ ಎಳೆದು ತಂದರು.

ಮನೆಯಿಂದ ಮರೆಯಾದರೇನು, ಮಂಜುಳಮ್ಮ ಹಾಲಿಗೆ ಹೋಗುವುದೇ ಈ ದಾರಿಯಲ್ಲಿ. ಒಂದು ಬೆಳಿಗ್ಗೆ ನಿಂತೇಬಿಟ್ಟಳು.

"ಇನ್ನೂ ಇಟ್ಕೊಂಡಿದ್ದೀರಾ ಭಾವ ಇದನ್ನ? ಅರಿಶಿನ ಕುಂಕುಮ ಹಚ್ಚೋಕಾ?"

ಮುನಿರಾಜಪ್ಪ ದೋಣಿಯ ಮೇಲೆ ಉದುರಿದ ಹೊಂಗೆ ಎಲೆ ಗುಡಿಸುತ್ತಲೇ ಇದ್ದರು.

"ಏಳು ಜನಾನ ಹತ್ತಿಸ್ಕೊಳ್ಳೋವಾಗ ಎಣಿಸೋಕೆ ಬರ್ಲಿಲ್ವಾ?"

"ಎಣಿಸಿದ್ದೆ ಕಣಮ್ಮ. ಹತ್ತು ಜನಾನ ಹೊತ್ತಿರೋ ದೋಣಿ ಇದು."

"ಹಂಗಾದ್ರೆ ನನ್ ಗಂಡಾನೇ ಭಾರ ಆದ್ರಾ?" ಎಂದು ಕೇಳಿ ಹೊರಟುಹೋದಳು. ಅದೇ ಕೊನೆ, ಮತ್ತೆ ಅವರ ಜೊತೆ ಮಾತಾಡಲಿಲ್ಲ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಮುನಿರಾಜಪ್ಪ ಹಾರೆ, ಗರಗಸ ಹಿಡಿದು ಬಂದರು. ಆ ಹೊತ್ತಿಗಾಗಲೇ ಕೆಮ್ಮು ಹತ್ತಿತ್ತು. "ಯಾಕೆ ಮುಳುಗ್ತು ಅಂತ ನೋಡ್ಬೇಕು ಅಕ್ಕ. ನೋಡ್ದೆ ಸಾಯಕ್ಕಾಗಲ್ಲ," ಎಂದರು.

ದೋಣಿಯ ಪಕ್ಕದಲ್ಲಿ ಒಂದರ ಮೇಲೊಂದು ಮೂರು ಮಾಸಿದ ಬಿಳಿ ಗೆರೆಗಳಿದ್ದವು. ನಗಿಸೋಣವೆಂದು, "ಏನಿದು, ದೋಣಿಗೂ ವಿಭೂತಿ ಇಟ್ಟಿದ್ದೀರಾ?" ಎಂದೆ. ಅವರು ನಗಲಿಲ್ಲ. ಆ ಗೆರೆಗಳ ಮೇಲೆ ಟವೆಲ್ಲು ಇಳಿಬಿಟ್ಟು ಕೆಲಸಕ್ಕೆ ಕೂತರು.

ಮೇಲಿನ ಹಲಗೆ ಬೆರಳಿಟ್ಟರೆ ಮುದ್ದೆಯಂತೆ ಕುಸಿಯುತ್ತಿತ್ತು. ಕೊಳೆತ ಪ್ಲೈವುಡ್ಡು ಪದರ ಪದರವಾಗಿ ಎದ್ದು ಬಂತು. ಅದರಡಿ ಕೈ ಹಾಕಿ ಮೊದಲ ತುಂಡು ಎಳೆದರು. ಬೆಕ್ಕಿನಷ್ಟು ದಪ್ಪದ ಸ್ಪಂಜು ಎಮ್ಮೆಕರುವಿನಷ್ಟು ಭಾರ. ನಾನೂ ಸೆರಗು ಸಿಕ್ಕಿಸಿಕೊಂಡು ಇಳಿದೆ. ಹಿಂಡಿದರೆ ಚರಂಡಿ ವಾಸನೆಯ ಕಂದು ನೀರು. ಮೂರು ದಿನ ಹಿಂಡಿದೆವು. ಹಲಗೆಯ ಸಂದಿನಿಂದ ಇಳಿದ ನೀರನ್ನೆಲ್ಲ ಅದು ಆರು ವರ್ಷ ಕುಡಿಯುತ್ತಾ ಕೂತಿತ್ತು.

ಎರಡನೆಯ ದಿನ ಒಂದು ತುಂಡಿಗೆ ಅಂಟಿಕೊಂಡ ಮೆರೂನ್ ರೆಕ್ಸಿನ್ ಪಟ್ಟಿ ಬಂತು. ಅದರಂಚಿಗೆ ಜೋಡಿ ಹೊಲಿಗೆ, ಪ್ರತಿ ಗೇಣಿಗೊಂದು ಗಂಟು. ಆ ಗಂಟು ನಮ್ಮ ಯಜಮಾನರು ಬಿಟ್ಟು ಇನ್ನು ಯಾರೂ ಹಾಕುತ್ತಿರಲಿಲ್ಲ. ಪಟ್ಟಿಯನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿದೆ. ರಾತ್ರಿಗೆ ಮಿಷನ್ನಿನ ಡ್ರಾಯರಿನಲ್ಲಿಟ್ಟೆ. ಇಡೀ ಊರು ಒಬ್ಬರನ್ನು ದೂರುತ್ತಿದ್ದಾಗ ಕಾರಣ ನನ್ನ ಡ್ರಾಯರಿನಲ್ಲಿತ್ತು, ನಾನು ದಿನವೂ ಅವರಿಗೆ ಟೀ ಕೊಡುತ್ತಿದ್ದೆ.

ತಳವನ್ನು ಮಾರ್ಚಿ ಬಿಸಿಲಿಗೆ ಒಣಗಿಸಿದರು. ಒಳಗಿನ ಹಳೆಯ ಫೈಬರ್ ಉಜ್ಜುವಾಗ ಬಿಳಿ ಧೂಳು ಏಳುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ "ಹೋದ್ರೆ ಹೋಗ್ಲಿ ಬಿಡಿ" ಎನ್ನುತ್ತಿದ್ದರು. ಈ ಸಲ ಎರಡು ಡಬ್ಬಿಯ ದ್ರವ ಬೆರೆಸಿ ಸುರಿಯುವ ಫೋಮು ತಂದಿದ್ದರು. ಸುರಿದ ಸ್ವಲ್ಪ ಹೊತ್ತಿಗೆ ಉದ್ದಿನ ಹಿಟ್ಟಿನ ಹಾಗೆ ಉಬ್ಬಿ ಬಂದು ಗಟ್ಟಿಯಾಯಿತು. ಒಂದು ತುಂಡು ಕೊಯ್ದು, ಕಲ್ಲು ಹೇರಿ ಬಕೆಟ್ಟಿನಲ್ಲಿ ಮೂರು ದಿನ ಮುಳುಗಿಸಿಟ್ಟು ನೋಡಿದರು. ನೀರು ಕುಡಿದಿರಲಿಲ್ಲ. ಆಮೇಲೆ ಹೊಸ ಹಲಗೆಯ ಅಂಚಂಚಿಗೂ ರಾಳ ಬಳಿದು ಹೊದಿಸಿದರು.

ಕೆಲಸ ಮುಗಿದ ದಿನ ಬೀದಿಯ ನಾಲ್ವರನ್ನು ಕರೆದು ಎತ್ತಿಸಿದರು. ದೋಣಿ ಸಲೀಸಾಗಿ ಎದ್ದಿತು. "ಏನ್ ದೊಡ್ಡಪ್ಪ, ಹೂವಿನ ಪಲ್ಲಕ್ಕಿ ಇದ್ದಂಗಿದೆ!" ಎಂದು ಒಬ್ಬ ಅಂದ. ಮುನಿರಾಜಪ್ಪ ಮರಕ್ಕೆ ಒರಗಿ ಕೂತುಬಿಟ್ಟರು. "ಇಷ್ಟು ಹಗುರ ಇರ್ಬೇಕಿತ್ತು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಎತ್ತಿದವರು ಹೋದ ಮೇಲೆ ಒಳಗಿಂದ ಆ ಪಟ್ಟಿ ತಂದು ಅವರ ಅಂಗೈಯಲ್ಲಿಟ್ಟೆ. "ನಮ್ಮೋರು ಕೊಟ್ಟ ಸ್ಪಂಜು ಇದು. ಮೂರು ತಿಂಗಳಿಂದ ಮುಚ್ಚಿಟ್ಟಿದ್ದೆ," ಎಂದೆ.

"ಗೊತ್ತು ಅಕ್ಕ."

"ಗೊತ್ತಿದ್ದೂ ಸುಮ್ನಿದ್ರಾ?"

"ಅವರು ಕೇಳಿದ್ರು, ನೀರು ತಾಗಲ್ವೇನ್ರೀ ಅಂತ. ಮೇಲೆ ಹಲಗೆ ಹೊಡೀತೀನಿ, ನೀರು ಎಲ್ಲಿಂದ ಬರುತ್ತೆ ಅಂದಿದ್ದು ನಾನು." ಪಟ್ಟಿಯನ್ನು ಮಡಿಸಿ ನನ್ನ ಕೈಗೇ ವಾಪಸ್ಸು ಕೊಟ್ಟರು.

ದೋಣಿಯನ್ನು ಅವರು ನೀರಿಗೆ ಇಳಿಸಲಿಲ್ಲ. ಮರುವಾರವೇ ಹಾಸಿಗೆ ಹಿಡಿದರು. ತೀರಿಕೊಳ್ಳುವ ನಾಲ್ಕು ದಿನ ಮುಂಚೆ ಹೇಳಿ ಕಳಿಸಿದರು ಅಂತ ಅವರ ಮನೆಗೆ ಹೋದೆ. ಉಸಿರಿಗೊಂದು ಮಾತು ಆಡುತ್ತಿದ್ದರು.

"ವಿಭೂತಿ ಅಂದ್ರಲ್ಲಾ ಅಕ್ಕ. ಅದು ಅಳತೆ ಗೆರೆ. ನೀರು ಗೆರೆ ಮುಟ್ಟಿದ್ರೆ ಆಮೇಲೆ ಒಬ್ರುನ್ನೂ ಹತ್ತಿಸ್ಬಾರ್ದು. ಆಯುಧಪೂಜೆ ದಿನ ಸುಣ್ಣ ಬಳೀತಿದ್ದೆ."

"ಮೂರು ಯಾಕೆ?"

"ಕೆರೇಲಿ ಹೂಳು ತುಂಬಿದಂಗೆಲ್ಲ ತೂಬಿನ ಕಲ್ಲಿನ ಗೆರೇನ ಮೇಲಕ್ಕೆ ಎಳೀತಾರೆ. ನಮ್ಮಪ್ಪ ಕಲಿಸಿದ್ದು. ದೋಣಿ ವರ್ಷ ವರ್ಷ ನೀರಲ್ಲಿ ತಗ್ತಾ ಬಂತು. ಅದಕ್ಕೂ ವಯಸ್ಸಾಯ್ತು, ಮೈ ಭಾರ ಆಗಿದೆ ಅಂದ್ಕೊಂಡೆ. ಎರಡು ಸಲ ಗೆರೆ ಮೇಲೆ ಎತ್ತಿದೆ. ಯಾಕೆ ಭಾರ ಅಂತ ಹಲಗೆ ಬಿಚ್ಚಿ ನೋಡ್ಲಿಲ್ಲ. ಆವತ್ತು ಏಳು ಜನ ಹತ್ತಿದಾಗ ನೀರು ಮೇಲಿನ ಗೆರೆ ಮುಟ್ಟಿರ್ಲಿಲ್ಲ ಅಕ್ಕ. ಕೆಳಗಿನ ಎರಡೂ ಮುಳುಗಿತ್ತು."

ನಾನು ಅವರ ಬಾಯಿಗೆ ಎರಡು ಚಮಚ ನೀರು ಬಿಟ್ಟೆ. ಮಂಜುಳಮ್ಮ ಪಕ್ಕದ ಗಲ್ಲಿಯಲ್ಲೇ ಇದ್ದಳು, ಬಂದಿರಲಿಲ್ಲ. ಅವರು ಮಂಚದಡಿಗೆ ಕೈ ತೋರಿಸಿದರು. ಮುಚ್ಚಿದ ಬಕೆಟ್ಟು.

"ಅದ್ರಲ್ಲಿ ಒಂದು ತುಂಡು ಸ್ಪಂಜು ಒಣಗ್ದಂಗೆ ಇಟ್ಟಿದ್ದೀನಿ. ಮಂಜುಳಮ್ಮನ ಮನೆಗೆ ತಗೊಂಡ್ಹೋಗಿ, ಅವಳ ಕೈಲೇ ಹಿಂಡ್ಸಿ. ಆಮೇಲೆ ಗೆರೆ ವಿಷಯ ಹೇಳಿ, ಎತ್ತಿದ್ದು ನಾನೇ ಅಂತ. ನಿಮ್ಮ ಯಜಮಾನ್ರ ಹೆಸರು ಮಾತ್ರ ತೆಗೀಬೇಡಿ ಅಕ್ಕ."